ಪರದೇಶದ ಊರಿನಲ್ಲಿ ಹೊಸ ಹಾಡನ್ನು ಕಂಡುಕೊಳ್ಳುವ ಬಗೆ: ಲಿಸ್ಬನ್ನಿನ ಫಾದು

ವಿದೇಶ ಪ್ರವಾಸಕ್ಕೆ ಹೊರಡುವವರು ಟಿಕೆಟ್ಟು, ವಸತಿ, ನೋಡಬೇಕಾದ ಸ್ಥಳಗಳು, ಸಸ್ಯಾಹಾರ ಸಿಗುವ ಹೋಟೆಲುಗಳು, ಇವೆಲ್ಲವನ್ನೂ ತಿಂಗಳ ಮುಂಚೆಯೇ ಗೊತ್ತುಮಾಡಿಕೊಳ್ಳುತ್ತಾರೆ. ಆ ಊರಿನ ಹಾಡನ್ನು ಮಾತ್ರ ಅದೃಷ್ಟಕ್ಕೆ ಬಿಟ್ಟಿರುತ್ತಾರೆ. ಹಾಗೆ ಬಿಟ್ಟರೆ ಸಾಮಾನ್ಯವಾಗಿ ಕಿವಿಗೆ ಬೀಳುವುದು ಬೆಂಗಳೂರಿನ ಮಾಲುಗಳಲ್ಲಿಯೂ ಕೇಳುವ ಅದೇ ಹಾಡುಗಳು. ಫೋನಿನ ಆ್ಯಪ್ ಕೂಡ ಇಲ್ಲಿ ಹೆಚ್ಚಿನ ಸಹಾಯ ಮಾಡಲಾರದು, ಏಕೆಂದರೆ ಅದು ನಾವು ಈವರೆಗೆ ಕೇಳಿದ್ದನ್ನು ನೋಡಿಕೊಂಡು ಅದಕ್ಕೆ ಹತ್ತಿರವಾದುದನ್ನೇ ಮುಂದಿಡುತ್ತದೆ. ನಾವು ಎಂದೂ ಕೇಳದಿರುವ ಸಂಗೀತದ ಬಾಗಿಲನ್ನು ಅದು ತಾನಾಗಿ ತಟ್ಟುವುದು ಅಪರೂಪ.

ಒಂದು ಊರಿಗೆ ಹೋಗುವಾಗ ಅಲ್ಲಿಯ ಒಂದೇ ಒಂದು ಸಂಗೀತ ಪ್ರಕಾರವನ್ನು ಹಿಡಿದುಕೊಂಡು, ಅದರ ಧಾಟಿಗಳ ಹೆಸರುಗಳನ್ನು ತಿಳಿದುಕೊಂಡು ಹೋಗಬೇಕೆಂಬುದು ನನ್ನ ಸಲಹೆ. ಹಾಡುಗಳ ಹೆಸರಲ್ಲ, ಧಾಟಿಗಳ ಹೆಸರು. ಇದು ಹೇಗೆ ಕೆಲಸಕ್ಕೆ ಬರುತ್ತದೆ ಎಂಬುದನ್ನು ನಾನು ಕಲಿತದ್ದು ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್ನಿನಲ್ಲಿ, ಫಾದು ಎಂಬ ಅಲ್ಲಿಯ ಹಾಡುಗಳನ್ನು ಕೇಳುತ್ತ. ಫಾಡೊ ಎಂದು ಬರೆಯುವುದೂ ಉಂಟು. ಅಲ್ಲಿಯವರ ಉಚ್ಚಾರಣೆ ಫಾದು ಎಂಬುದಕ್ಕೆ ಹತ್ತಿರವಾಗಿರುವುದರಿಂದ ಹಾಗೆಯೇ ಬರೆದಿದ್ದೇನೆ.

ಹೊರಡುವ ಮೊದಲು

ಫಾದು ಲಿಸ್ಬನ್ನಿನ ಬಂದರಿನ ಅಂಚಿನ ಬಡ ಕೇರಿಗಳಲ್ಲಿ 19ನೇ ಶತಮಾನದಲ್ಲಿ ಬೆಳೆದ ಹಾಡಿನ ಪದ್ಧತಿ. ಯುನೆಸ್ಕೋ ಅದನ್ನು 2011ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಒಬ್ಬರು ನಿಂತು ಹಾಡುತ್ತಾರೆ. ಪಕ್ಕದಲ್ಲಿ ಕುಳಿತು ನುಡಿಸುವವರು ಕನಿಷ್ಠ ಇಬ್ಬರು. ಒಬ್ಬರ ಕೈಯಲ್ಲಿ ಪಿಯರ್ ಹಣ್ಣಿನಾಕಾರದ ಒಡಲಿನ, ಜೋಡಿ ಜೋಡಿಯಾಗಿ 12 ಲೋಹದ ತಂತಿಗಳಿರುವ ಪೋರ್ಚುಗೀಸ್ ಗಿಟಾರು, ಅಂದರೆ ಗಿತಾರ್ರಾ. ಇನ್ನೊಬ್ಬರ ಕೈಯಲ್ಲಿ ನಾವೆಲ್ಲ ಬಲ್ಲ ಸಾಮಾನ್ಯ ಗಿಟಾರು, ಅದಕ್ಕೆ ಅಲ್ಲಿ ವಿಯೋಲಾ ಎನ್ನುತ್ತಾರೆ. ವಯೊಲಾ ಎಂಬ ಪಿಟೀಲಿನ ಜಾತಿಯ ವಾದ್ಯವೇ ಬೇರೆ, ಇದೇ ಬೇರೆ. ಧ್ವನಿಮುದ್ರಿಕೆಗಳ ಹಿಂಬದಿಯನ್ನು ಓದುವಾಗ ನಾನೂ ಮೊದಲು ಗೊಂದಲಪಟ್ಟಿದ್ದೆ.

ಫಾದುವಿನ ಒಳಗುಟ್ಟು ಕನ್ನಡಿಗರಿಗೆ ಬೇಗ ಅರ್ಥವಾಗುವಂಥದು. ದಾಸರ ಪದಕ್ಕೆ ಇಂಥ ಧಾಟಿ ಎಂದು ಹೇಳುವಂತೆ, ಯಕ್ಷಗಾನದ ಪದ್ಯಗಳಿಗೆ ಮಟ್ಟುಗಳಿರುವಂತೆ, ಸಾಂಪ್ರದಾಯಿಕ ಫಾದುವಿನಲ್ಲಿಯೂ ಹಾಡಿನ ಮಾತು ಬೇರೆ, ಅದನ್ನು ಕೂರಿಸುವ ರಾಗದ ಅಚ್ಚು ಬೇರೆ. ಒಂದೇ ಅಚ್ಚಿನಲ್ಲಿ ಹತ್ತಾರು ಕವಿಗಳ ಪದ್ಯಗಳನ್ನು ಹಾಡಬಹುದು. ಪದ್ಯದ ಸಾಲು, ಮಾತ್ರೆ, ಚರಣದ ಅಳತೆ ಹೊಂದಿದರೆ ಸಾಕು. ಎಲ್ಲಕ್ಕಿಂತ ಹಳೆಯವೆಂದು ಎಣಿಸುವ, ಕರ್ತೃ ಯಾರೆಂದು ಗೊತ್ತಿಲ್ಲದ ಅಚ್ಚುಗಳು ಮೂರು: ಫಾದು ಮೆನೊರ್, ಫಾದು ಕುರ್ರಿದು, ಫಾದು ಮೊರಾರಿಯಾ. ಮೊದಲನೆಯದು ಪಾಶ್ಚಾತ್ಯ ಸಂಗೀತದಲ್ಲಿ ದುಃಖದ ಛಾಯೆಯದೆನ್ನುವ ಮೈನರ್ ಸ್ವರಮೇಳದಲ್ಲಿ ನಿಧಾನವಾಗಿ ಸಾಗುತ್ತದೆ; ಕುರ್ರಿದು ಗೆಲುವಿನ ಛಾಯೆಯ ಮೇಜರ್‌ನಲ್ಲಿ ಚುರುಕಾಗಿ ಓಡುತ್ತದೆ, ಹೆಸರಿನ ಅರ್ಥವೂ ಓಟವೇ; ಮೊರಾರಿಯಾ ಕೂಡ ಮೇಜರ್, ಆದರೆ ಅದರ ಗಿತಾರ್ರಾ ಪಲುಕು ಬೇರೆ. ಆಮೇಲಿನವರು ಕಟ್ಟಿದ ಅಚ್ಚುಗಳು ಬಹಳಷ್ಟಿವೆ. ಮರಗೆಲಸದವನಾಗಿದ್ದು ಅದೇ ಕಸುಬಿನ ಹೆಸರಿನಿಂದ ಪ್ರಸಿದ್ಧನಾದ ಆಲ್ಫ್ರೆದು ಮಾರ್ಸೆನೈರು (1891–1982) ಕಟ್ಟಿದ ಫಾದು ಕ್ರಾವು ಇಂದಿಗೂ ಹೊಸ ಹೊಸ ಪದ್ಯಗಳನ್ನು ಹೊತ್ತು ತಿರುಗುತ್ತಿದೆ.

ಆದ್ದರಿಂದ ಹೊರಡುವುದಕ್ಕೆ ಮೂರು ವಾರ ಮುಂಚೆ ಈ ಮೂರು ಅಚ್ಚುಗಳನ್ನು, ಒಂದೊಂದನ್ನೂ ಮೂರು ಬೇರೆ ಬೇರೆ ಕಂಠಗಳಲ್ಲಿ ಕೇಳಿರಿ. ಅಷ್ಟೇ ಸಾಕು. ಲಿಸ್ಬನ್ನಿನಲ್ಲಿ 92 ಎಫ್‌ಎಂನಲ್ಲಿ ಬರುವ ರೇಡಿಯೊ ಅಮಾಲಿಯಾ ದಿನವಿಡೀ ಫಾದು ಬಿತ್ತರಿಸುತ್ತದೆ, ಅದನ್ನು ಅಂತರ್ಜಾಲದಲ್ಲಿಯೂ ಕೇಳಬಹುದು. ಲಿಸ್ಬನ್ನಿನ ಫಾದು ಸಂಗ್ರಹಾಲಯದ ಜಾಲತಾಣದಲ್ಲಿ ಹಳೆಯ ಗ್ರಾಮಫೋನ್ ಮುದ್ರಿಕೆಗಳ ಸಂಗ್ರಹವೂ ಇದೆ. ಬೇರೆ ಊರುಗಳಿಗೆ ಹೋಗುವವರು ಭೂಗೋಳವನ್ನು ತಿರುಗಿಸುತ್ತ ಆಯಾ ಊರಿನ ಆಕಾಶವಾಣಿ ಕೇಳುವ ರೇಡಿಯೊ ಗಾರ್ಡನ್‌ನಲ್ಲಿ ಸ್ಥಳೀಯ ಕೇಂದ್ರವನ್ನು ಹುಡುಕಿಕೊಳ್ಳಬಹುದು.

ಬೆಳಗಾವಿ, ಕಾರವಾರದ ಕಡೆಯವರಿಗೆ ಇನ್ನೊಂದು ಅನುಕೂಲವಿದೆ. 1961ರವರೆಗೆ ಪೋರ್ಚುಗೀಸರ ಕೈಯಲ್ಲಿದ್ದ ಗೋವಾದಲ್ಲಿ ಫಾದು ಹಾಡುವವರು ಇಂದಿಗೂ ಇದ್ದಾರೆ. ಸೋನಿಯಾ ಶಿರ್ಸಾಟ್ ಅವರ ಹೆಸರನ್ನು ಕೊಂಕಣಿ ಸಂಗೀತ ಬಲ್ಲವರು ಕೇಳಿರುತ್ತಾರೆ. ಪಣಜಿಯಲ್ಲಿ ಕಾರ್ಯಕ್ರಮ ಇರುವ ದಿನ ವಿಚಾರಿಸಿಕೊಂಡು ಒಂದು ಬಸ್ಸು ಹತ್ತಿ ಹೋಗಿ ಕೇಳಿ ಬಂದರೆ ಲಿಸ್ಬನ್ನಿಗೆ ಹೋದಾಗ ಕಿವಿ ಪೂರ್ತಿ ಹೊಸತಾಗಿರುವುದಿಲ್ಲ. ಭಾಷೆಯ ಬಗ್ಗೆಯೂ ಅಂಜಬೇಕಾಗಿಲ್ಲ. ಚಾವಿ, ಪಗಾರ, ಬಟಾಟೆ, ಅಲಮಾರು ಇವೆಲ್ಲ ಆ ಭಾಷೆಯಿಂದಲೇ ನಮ್ಮ ಮನೆಗೆ ಬಂದು ಕುಳಿತ ಮಾತುಗಳು.

ಎಲ್ಲಿ ಕೇಳಬೇಕು

ನನ್ನ ಮೊದಲ ರಾತ್ರಿ ಹಾಳಾಯಿತು. ದೊಡ್ಡ ಬೀದಿಯಲ್ಲಿ ಚಿತ್ರಗಳಿರುವ ಮೆನು ಹಿಡಿದು ನಿಂತಿದ್ದವನ ಮಾತಿಗೆ ಒಲಿದು ಒಂದು ಹೋಟೆಲಿನೊಳಗೆ ಹೋದೆ. ಅಲ್ಲಿ ಮೈಕು ಇತ್ತು, ಫಾದುವಿನ ನಡುವೆ ಜಾನಪದ ಕುಣಿತ ಇತ್ತು, ಹಾಡುತ್ತಿರುವಾಗಲೇ ಬಸ್ಸಿನಲ್ಲಿ ಬಂದ ನಲವತ್ತು ಜನರಿಗೆ ಸಾರು ಬಡಿಸುತ್ತಿದ್ದರು. ಹಾಡುತ್ತಿದ್ದಾಕೆಯ ಕಂಠ ಚೆನ್ನಾಗಿಯೇ ಇತ್ತು, ಅದೇ ಬೇಸರ. ಅಂದಿನಿಂದ ನಾನು ಇಟ್ಟುಕೊಂಡಿರುವ ಪರೀಕ್ಷೆ ಸರಳ: ಹಾಡು ಶುರುವಾದಾಗ ದೀಪ ತಗ್ಗಿಸಿ ಬಡಿಸುವುದನ್ನು ನಿಲ್ಲಿಸುವ ಕಡೆ ಕೂರಬೇಕು, ನಿಲ್ಲಿಸದ ಕಡೆ ಎದ್ದು ಬರಬೇಕು. ಬಾಗಿಲಲ್ಲಿ ಒಂದು ಹಾಡಿನ ಹೊತ್ತು ನಿಂತು ನೋಡಿದರೆ ಇದು ತಿಳಿದುಬಿಡುತ್ತದೆ.

ಫಾದುವನ್ನು ಊಟದ ಮನೆಗಳಲ್ಲಿಯೇ ಏಕೆ ಹಾಡುತ್ತಾರೆ ಎಂಬುದಕ್ಕೆ ಚರಿತ್ರೆಯ ಕಾರಣವಿದೆ. 1926ರ ಸೇನಾ ದಂಗೆಯ ನಂತರ ಬಂದ ಸರ್ಕಾರ 1927ರಲ್ಲಿ ಕಾನೂನು ತಂದು, ಹಾಡುವವರು ವೃತ್ತಿಯ ಪರವಾನಗಿ ಪಡೆಯಬೇಕು, ಹಾಡುವ ಜಾಗಕ್ಕೂ ಅನುಮತಿ ಇರಬೇಕು, ಹಾಡಿನ ಸಾಹಿತ್ಯ ಮೊದಲೇ ಪರಿಶೀಲನೆಗೆ ಹೋಗಬೇಕು ಎಂದು ವಿಧಿಸಿತು. ಬೀದಿಯಲ್ಲಿ, ಹೆಂಡದಂಗಡಿಯಲ್ಲಿ ತೋಚಿದ್ದನ್ನು ಕಟ್ಟಿ ಹಾಡುತ್ತಿದ್ದವರು ಹೀಗೆ ನಾಲ್ಕು ಗೋಡೆಯ ನಡುವೆ ಸೇರಿಕೊಂಡರು. ಕಾಸಾ ದ ಫಾದು, ಅಂದರೆ ಫಾದು ಮನೆ, ಎಂಬ ಏರ್ಪಾಡು ಗಟ್ಟಿಯಾದದ್ದು ಆಗಲೇ. ಅಲ್ಫಾಮಾ, ಮೊರಾರಿಯಾ, ಬೈರು ಅಲ್ತು, ಈ ಮೂರು ಕೇರಿಗಳಲ್ಲಿ ಅಂಥ ಮನೆಗಳು ಹೆಚ್ಚು. ಅಲ್ಫಾಮಾದ ಮೆಸಾ ದ ಫ್ರಾದಶ್ ಎಂಬುದು ಹಿಂದೆ ಪ್ರಾರ್ಥನಾ ಮಂದಿರವಾಗಿದ್ದ ಕೋಣೆ. ಗೋಡೆಯ ತುಂಬ ನೀಲಿ ಚಿತ್ರದ ಹಳೆಯ ಹೆಂಚುಗಳಿವೆ, ಮೈಕಿನ ಅಗತ್ಯವೇ ಬೀಳದಷ್ಟು ಚಿಕ್ಕ ಜಾಗ.

ಇದಕ್ಕಿಂತ ಸಡಿಲವಾದುದು ಫಾದು ವಾದಿಯು, ಅಲೆಮಾರಿ ಫಾದು ಎಂದು ಅರ್ಥ. ತಾಶ್ಕಾ ಎಂದು ಕರೆಯುವ ಸಣ್ಣ ಹೋಟೆಲುಗಳಲ್ಲಿ ವಾರದ ಕೆಲವು ರಾತ್ರಿಗಳಂದು ಇಬ್ಬರು ವಾದಕರು ಬಂದು ಕೂರುತ್ತಾರೆ. ಹಾಡುವವರು ಮಾತ್ರ ಬಂದವರೇ. ಟ್ಯಾಕ್ಸಿ ಓಡಿಸುವವರು, ಅಂಗಡಿಯವರು, ಕೆಲವೊಮ್ಮೆ ಏಪ್ರನ್ ಕಟ್ಟಿಕೊಂಡೇ ಅಡುಗೆಮನೆಯಿಂದ ಹೊರಬಂದ ಅಡುಗೆಯವರು ಮೂರು ಹಾಡು ಹಾಡಿ ಒಳಗೆ ಹೋಗುತ್ತಾರೆ. ನಮ್ಮ ಭಜನೆ ಮನೆಯ ವಾತಾವರಣವೇ ಅದು. ಕಂಠದ ಗುಣಮಟ್ಟ ಏರುಪೇರಾಗಿರುತ್ತದೆ, ಆದರೆ ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಯಾವ ತಾಶ್ಕಾದಲ್ಲಿ ಯಾವ ರಾತ್ರಿ ಎಂಬುದು ಬದಲಾಗುತ್ತಿರುವುದರಿಂದ ಹಗಲಿನಲ್ಲಿಯೇ ಆ ಬೀದಿಯಲ್ಲಿ ಒಮ್ಮೆ ಸುತ್ತಿ ಬಾಗಿಲಿಗೆ ಅಂಟಿಸಿದ ಚೀಟಿಗಳನ್ನು ಓದಿಕೊಳ್ಳಬೇಕು.

ಹಣದ ವಿಷಯದಲ್ಲಿ ಎರಡು ಮಾತು ನೆನಪಿರಲಿ. ಫಾದು ಮನೆಗಳಲ್ಲಿ ಇಂತಿಷ್ಟಾದರೂ ತಿನ್ನಬೇಕು, ಕುಡಿಯಬೇಕು ಎಂಬ ಕನಿಷ್ಠ ಮೊತ್ತ ಇರುವುದುಂಟು. ಅದು ಎಷ್ಟೆಂದು ಕೂರುವ ಮೊದಲೇ ಕೇಳಿ. ನಾವು ಕೇಳದಿದ್ದರೂ ಮೇಜಿಗೆ ತಂದಿಡುವ ಬ್ರೆಡ್ಡು, ಆಲಿವ್, ಚೀಸು ಪುಕ್ಕಟೆಯಲ್ಲ. ತಿಂದರೆ ಲೆಕ್ಕಕ್ಕೆ ಬರುತ್ತದೆ, ಬೇಡವಾದರೆ ಹಿಂದಕ್ಕೆ ಕಳಿಸಬಹುದು. ಸಸ್ಯಾಹಾರಿಗಳು ಹಸಿರು ಸಾರು ಎಂದು ನಂಬಿ ಕಾಲ್ದು ವೆರ್ದ್ ತರಿಸಿಕೊಳ್ಳಬಾರದು, ಅದರಲ್ಲಿ ಹಂದಿಮಾಂಸದ ಒಂದು ಬಿಲ್ಲೆ ತೇಲುತ್ತಿರುತ್ತದೆ. ಸೋಪಾ ದ ಲೆಗುಮಶ್ ಎಂಬ ತರಕಾರಿ ಸಾರು ಇದೆಯೇ ಎಂದು ಕೇಳುವುದು ಮೇಲು, ಅದರ ನೀರು ಯಾವುದರದ್ದು ಎಂದೂ ಕೇಳುವುದು ಇನ್ನೂ ಮೇಲು. ಹಾಡು ಸುಮಾರು ಒಂಬತ್ತರ ಹೊತ್ತಿಗೆ ಶುರುವಾಗುತ್ತದೆ. ಹನ್ನೊಂದರ ಮೇಲೆ ಊಟದವರು ಎದ್ದು ಹೋದಾಗ ಕೆಲವು ಮನೆಗಳು ಬರಿಯ ಪಾನೀಯಕ್ಕೂ ಒಳಗೆ ಬಿಡುತ್ತವೆ. ಹಾಡುವವರು ಮೈಬಿಡುವುದೂ ಆಗಲೇ.

ಹೇಗೆ ಕೇಳಬೇಕು

ದೀಪ ತಗ್ಗುತ್ತಿದ್ದಂತೆ ಯಾರಾದರೊಬ್ಬರು ‘ಸಿಲೆನ್ಸಿಯು, ಕ ಸೆ ವಾಯ್ ಕಂತಾರ್ ಉ ಫಾದು’ ಎನ್ನುತ್ತಾರೆ. ಸುಮ್ಮನಿರಿ, ಫಾದು ಹಾಡಲಿದ್ದಾರೆ ಎಂದರ್ಥ. ಇದು ಬರಿಯ ಉಪಚಾರದ ಮಾತಲ್ಲ. ಚಮಚದ ಸದ್ದು, ಪಿಸುಮಾತು, ಫೋನಿನ ಬೆಳಕು ಎಲ್ಲವೂ ನಿಲ್ಲಬೇಕು. ನಿಲ್ಲದಿದ್ದರೆ ಪಕ್ಕದ ಮೇಜಿನ ಅಜ್ಜಿಯೇ ಗದರುತ್ತಾರೆ. ನಮ್ಮ ಕಛೇರಿಗಳಲ್ಲಿ ತೊಡೆಯ ಮೇಲೆ ತಾಳ ಹಾಕುವ ಅಭ್ಯಾಸವಿರುವವರು ಕೈ ಕಟ್ಟಿಕೊಂಡು ಕೂರುವುದೇ ಕ್ಷೇಮ, ಏಕೆಂದರೆ ಹಾಡುವವರು ಲಯವನ್ನು ಬೇಕೆಂದೇ ಹಿಂದೆ ಎಳೆಯುತ್ತಾರೆ, ಮುಂದೆ ತಳ್ಳುತ್ತಾರೆ. ನಮ್ಮ ಬೆರಳು ಹಿಡಿದ ಲೆಕ್ಕ ತಪ್ಪುತ್ತದೆ. ಮೆಚ್ಚುಗೆಗೆ ‘ಭಲೇ’ ಎಂಬಂತೆ ‘ಆ, ಫಾದಿಶ್ತಾ!’ ಎನ್ನುವ ರೂಢಿ ಇದೆ, ಅದನ್ನು ಸ್ಥಳೀಯರಿಗೆ ಬಿಡಿ. ಚಪ್ಪಾಳೆ ನಮ್ಮ ಪಾಲಿಗೆ ಸಾಕು. ಉತ್ತರಕ್ಕೆ ಕೊಯಿಂಬ್ರ ಎಂಬ ವಿಶ್ವವಿದ್ಯಾಲಯದ ಊರಿಗೆ ಹೋದರೆ ಇದೂ ತಿರುಗುಮುರುಗು: ಅಲ್ಲಿಯ ಫಾದುವನ್ನು ಕಪ್ಪು ನಿಲುವಂಗಿ ತೊಟ್ಟ ವಿದ್ಯಾರ್ಥಿಗಳು, ಹಳೆಯ ವಿದ್ಯಾರ್ಥಿಗಳು, ಅಂದರೆ ಗಂಡಸರೇ ಹಾಡುತ್ತ ಬಂದಿದ್ದಾರೆ, ಮತ್ತು ಅಲ್ಲಿ ಮೆಚ್ಚುಗೆ ಸೂಚಿಸಲು ಕೆಮ್ಮಿದಂತೆ ಗಂಟಲು ಸರಿಮಾಡಿಕೊಳ್ಳುವುದು ಹಳೆಯ ಸಂಪ್ರದಾಯ.

ನೀವು ಕಣ್ಣಿಟ್ಟು ನೋಡಬೇಕಾದದ್ದು ಹಾಡು ಶುರುವಾಗುವ ಮುಂಚಿನ ಐದು ಸೆಕೆಂಡು. ಒಂದು ರಾತ್ರಿ ಮೊರಾರಿಯಾದ ತಾಶ್ಕಾವೊಂದರಲ್ಲಿ ವಾದಕರ ಹತ್ತಿರದ ಮೇಜು ಸಿಕ್ಕಿತ್ತು. ಅರವತ್ತು ದಾಟಿದ ಹೆಂಗಸೊಬ್ಬರು ಎದ್ದು ಬಂದು, ಕಪ್ಪು ಶಾಲು ಹೆಗಲಿಗೆ ಸರಿಮಾಡಿಕೊಂಡು, ಗಿತಾರ್ರಾ ಹಿಡಿದವರ ಕಿವಿಯ ಬಳಿ ಬಾಗಿ ಎರಡೇ ಮಾತು ಹೇಳಿದರು: ‘ಮೆನೊರ್. ಲಾ.’ ಅಚ್ಚಿನ ಹೆಸರು, ಶ್ರುತಿ, ಮುಗಿಯಿತು. ಅವರು ಹಾಡಲಿರುವ ಪದ್ಯ ಯಾವುದೆಂದು ವಾದಕರು ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ; ಬೆರಳಿಗೆ ತೊಟ್ಟ ಉಗುರಿನಾಕಾರದ ಮೀಟುಕಡ್ಡಿಯಿಂದ ನಾಲ್ಕು ಸ್ವರ ಉದುರಿಸಿದರು, ಆಕೆ ಕಣ್ಣು ಮುಚ್ಚಿ ತಲೆಯನ್ನು ಹಿಂದಕ್ಕೆ ಚೆಲ್ಲಿದರು. ಎರಡನೆಯ ಚರಣದಲ್ಲಿ ಅದೇ ಸಾಲಿನ ಕೊನೆಯನ್ನು ಮೊದಲಿಗಿಂತ ಬೇರೆಯಾಗಿ ಬಾಗಿಸಿ ತಂದಾಗ ಗಿತಾರ್ರಾದವರು ನಕ್ಕು ಅದೇ ಬಾಗನ್ನು ತಂತಿಯ ಮೇಲೆ ತೆಗೆದರು. ಹೀಗೆ ಅಚ್ಚಿನೊಳಗೇ ತನ್ನದೊಂದು ತಿರುವನ್ನು ಕಾಣಿಸುವುದಕ್ಕೆ ಅವರು ಎಶ್ತಿಲಾರ್ ಎನ್ನುತ್ತಾರೆ. ಮೂರು ವಾರ ಮನೆಯಲ್ಲಿ ಅದೇ ಮೆನೊರ್ ಕೇಳಿದ್ದ ಕಾರಣಕ್ಕೆ ಆ ಬಾಗು ನನಗೆ ಕೇಳಿಸಿತು. ಇಲ್ಲವಾಗಿದ್ದರೆ ಅದು ಮತ್ತೊಂದು ದುಃಖದ ಹಾಡಾಗಿ ಹೋಗುತ್ತಿತ್ತು.

ಹಾಡಿನ ಸುತ್ತು ಮುಗಿದು ದೀಪ ಹೊತ್ತಿದ ಮೇಲೆ ವಾದಕರು ಹೊರಗೆ ಗಾಳಿಗೆ ನಿಂತಿರುತ್ತಾರೆ. ಆಗ ಒಂದು ಪುಸ್ತಕ, ಪೆನ್ನು ಮುಂದೆ ಹಿಡಿದು ‘ಕಿ ಫಾದು ಎ ಎಶ್ತ್?’ ಎಂದು ಕೇಳಿ. ಇದು ಯಾವ ಫಾದು ಎಂದು ಅರ್ಥ. ಉತ್ತರವಾಗಿ ಅಚ್ಚಿನ ಹೆಸರನ್ನೂ ಕವಿಯ ಹೆಸರನ್ನೂ ಅವರ ಕೈಯಿಂದಲೇ ಬರೆಸಿಕೊಳ್ಳಿ, ಏಕೆಂದರೆ ಪೋರ್ಚುಗೀಸ್ ಮಾತು ಕೇಳಿಸುವ ಬಗೆಗೂ ಅದನ್ನು ಬರೆಯುವ ಬಗೆಗೂ ಬಹಳ ದೂರ. ಕಿವಿಗೆ ಬಿದ್ದಂತೆ ಬರೆದುಕೊಂಡರೆ ನಾಳೆ ಹುಡುಕಿದರೂ ಸಿಗುವುದಿಲ್ಲ. ಹಾಡು ಗುರುತಿಸುವ ಶಜಾಮ್‌ನಂಥ ಆ್ಯಪ್ ಇಲ್ಲಿ ಕೆಲಸಕ್ಕೆ ಬಾರದು: ಅದು ಈಗಾಗಲೇ ಮುದ್ರಣಗೊಂಡ ಒಂದು ನಿರ್ದಿಷ್ಟ ಧ್ವನಿಯ ಗುರುತನ್ನು ತನ್ನ ಕಣಜದಲ್ಲಿರುವುದರೊಂದಿಗೆ ತಾಳೆ ನೋಡುತ್ತದೆ, ಕಣ್ಣೆದುರು ಹಾಡುತ್ತಿರುವುದು ಆ ಕಣಜದಲ್ಲಿ ಇರುವುದಿಲ್ಲ. ಅಂಗಡಿ, ಟ್ಯಾಕ್ಸಿ, ಕಾಫಿ ಕುಡಿಯುವ ಜಾಗ ಇಲ್ಲೆಲ್ಲ ಅದು ಬಹಳ ಉಪಯುಕ್ತ. ನೆಟ್‌ವರ್ಕ್ ಇಲ್ಲದಿದ್ದರೂ ತುಣುಕನ್ನು ಹಿಡಿದಿಟ್ಟುಕೊಂಡು ಆಮೇಲೆ ಹೆಸರು ಹೇಳುತ್ತದೆ.

ಹಗಲಿನ ಹುಡುಕಾಟ

ಅಲ್ಫಾಮಾದ ಬುಡದಲ್ಲಿ, ಹಿಂದೆ ನೀರೆತ್ತುವ ಕೇಂದ್ರವಾಗಿದ್ದ ಗುಲಾಬಿ ಬಣ್ಣದ ಕಟ್ಟಡದಲ್ಲಿ 1998ರಿಂದ ಫಾದು ಸಂಗ್ರಹಾಲಯವಿದೆ. ಮೊದಲ ಹಗಲಿನಲ್ಲಿಯೇ ಹೋಗಿ ಅಲ್ಲಿಯ ಕೇಳುಗೋಡೆಗಳ ಎದುರು ಒಂದು ಗಂಟೆ ಕಳೆಯಿರಿ. ಅಮಾಲಿಯಾ ರೊದ್ರಿಗೆಶ್ (1920–1999) ಅವರ ಕಂಠವನ್ನು ಅಲ್ಲಿ ತಪ್ಪಿಸಿಕೊಳ್ಳಲಾಗದು. ಅವರು ತೀರಿಕೊಂಡಾಗ ದೇಶವೇ ಮೂರು ದಿನ ಶೋಕ ಆಚರಿಸಿತು. ಆದರೆ ಅಮಾಲಿಯಾ ಅವರನ್ನಷ್ಟೇ ಕೇಳಿ ಹಿಂತಿರುಗಿದರೆ ಲತಾ ಮಂಗೇಶ್ಕರ್ ಅವರನ್ನಷ್ಟೇ ಕೇಳಿ ಹಿಂದಿ ಸಂಗೀತ ತಿಳಿಯಿತು ಎಂದಂತಾಗುತ್ತದೆ.

ಅಮಾಲಿಯಾ ಅವರ ಸಮಾಧಿಯಿರುವ ರಾಷ್ಟ್ರೀಯ ಪಾಂತಿಯೋನಿನ ಹಿಂಬದಿಯ ಬಯಲಿನಲ್ಲಿ ಮಂಗಳವಾರ ಮತ್ತು ಶನಿವಾರ ಫೈರಾ ದ ಲಾದ್ರಾ ನಡೆಯುತ್ತದೆ. ಹೆಸರಿನ ಅಕ್ಷರಾರ್ಥ ಕಳ್ಳಿಯ ಸಂತೆ. ಮುರಿದ ಗೊಂಬೆ, ಹಳೆಯ ಹೆಂಚು, ಸೈನಿಕರ ಬಟ್ಟೆಗಳ ನಡುವೆ ಹಳೆಯ ರೆಕಾರ್ಡುಗಳ ಪೆಟ್ಟಿಗೆಗಳಿರುತ್ತವೆ. ಇಲ್ಲಿ ಹಾಡುವವರ ಮುಖ ನೋಡಿ ಕೊಳ್ಳಬೇಡಿ, ಹಿಂಬದಿಯಲ್ಲಿ ಗಿತಾರ್ರಾ ನುಡಿಸಿದವರ ಹೆಸರು ನೋಡಿ. ಒಳ್ಳೆಯ ವಾದಕರೊಬ್ಬರು ಹತ್ತಾರು ಗಾಯಕರಿಗೆ ನುಡಿಸಿರುತ್ತಾರೆ. ಒಂದು ಹೆಸರನ್ನು ಹಿಡಿದು ಹೋದರೆ, ಪಕ್ಕವಾದ್ಯದವರ ಹೆಸರು ನೋಡಿ ಕಛೇರಿಗೆ ಹೋಗುವ ನಮ್ಮ ರಸಿಕರಂತೆ, ನೀವು ಹೆಸರೇ ಕೇಳದ ಗಾಯಕರ ಬಳಿಗೆ ತಲುಪುತ್ತೀರಿ. ನಾನು ಹಾಗೆ ಹಿಡಿದ ಹೆಸರು ಫೊಂತಶ್ ರೋಶಾ. ರೆಕಾರ್ಡನ್ನು ಬೆಳಕಿಗೆ ಓರೆಯಾಗಿ ಹಿಡಿದು ಗೀರುಗಳನ್ನು ನೋಡಿ, ಅಂಚು ಬಾಗಿಲ್ಲವೆಂದು ಖಚಿತಪಡಿಸಿಕೊಂಡು ಕೊಳ್ಳಿ.

ಲಿಸ್ಬನ್ ಎಂದರೆ ಫಾದು ಮಾತ್ರವಲ್ಲ ಎಂಬುದನ್ನು ಬೇಗ ತಿಳಿಯುವುದು ಒಳ್ಳೆಯದು. 1975ರಲ್ಲಿ ಪೋರ್ಚುಗಲ್ಲಿನಿಂದ ಬಿಡುಗಡೆ ಪಡೆದ ಕೇಪ್ ವರ್ಡ್ ದ್ವೀಪಗಳ ಜನ ಈ ಊರಿನಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಬರಿಗಾಲಿನಲ್ಲಿ ವೇದಿಕೆಗೆ ಬರುತ್ತಿದ್ದ ಸೆಸಾರಿಯಾ ಎವೋರಾ (1941–2011) ಜಗತ್ತಿಗೆ ಮುಟ್ಟಿಸಿದ ಮೊರ್ನಾ ಎಂಬ ಹಾಡಿನ ಪ್ರಕಾರ ಅವರದು, ಅದೂ 2019ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ನದಿಯ ದಡದ ಕಾಯ್ಶ್ ದು ಸೊದ್ರೆಯಲ್ಲಿ ಮೊರ್ನಾ ರಚನಕಾರರೊಬ್ಬರ ಹೆಸರನ್ನೇ ಹೊತ್ತ ಬಿ. ಲೆಜಾ ಎಂಬ ಕ್ಲಬ್ಬಿದೆ. ಅಲ್ಲಿ ಸುಮ್ಮನೆ ಕೂರುವ ನಿಯಮ ನಡೆಯುವುದಿಲ್ಲ; ಜನ ಜೋಡಿಯಾಗಿ ಕುಣಿಯುತ್ತಾರೆ, ಗೋಡೆಗೆ ಒರಗಿ ನಿಂತವರನ್ನೂ ಎಳೆದೊಯ್ಯುತ್ತಾರೆ.

ಜೂನ್ ತಿಂಗಳಲ್ಲಿ ಹೋಗುವವರಿಗೊಂದು ಎಚ್ಚರಿಕೆ: 12ರ ರಾತ್ರಿ ಸಂತ ಆಂತೋನಿಯ ಹಬ್ಬದಲ್ಲಿ ಅಲ್ಫಾಮಾದ ಗಲ್ಲಿಗಳು ಸುಟ್ಟ ಮೀನಿನ ಹೊಗೆ ಮತ್ತು ಧ್ವನಿವರ್ಧಕಗಳಿಂದ ತುಂಬಿಹೋಗುತ್ತವೆ. ಫಾದು ಹುಡುಕಲು ಅದು ದಿನವಲ್ಲ. ಆದರೆ ಆ ಹಬ್ಬದಲ್ಲಿ ನಮ್ಮ ತುಳಸಿ, ಕಾಮಕಸ್ತೂರಿಗಳ ಬಳಗದ ಪುಟ್ಟ ಗಿಡವೊಂದನ್ನು ಕುಂಡದಲ್ಲಿ ಮಾರುತ್ತಾರೆ, ಅದಕ್ಕೆ ಕಾಗದದ ಹೂವು ಮತ್ತು ನಾಲ್ಕು ಸಾಲಿನ ಪದ್ಯ ಸಿಕ್ಕಿಸಿರುತ್ತಾರೆ. ಆ ನಾಲ್ಕು ಸಾಲಿನ ಅಳತೆಯೂ ಮೆನೊರ್, ಮೊರಾರಿಯಾಗಳಲ್ಲಿ ಹಾಡುವ ಪದ್ಯದ ಅಳತೆಯೂ ಒಂದೇ. ಗಿಡದ ಪದ್ಯವನ್ನು ನೇರವಾಗಿ ಹಾಡಬಹುದು.

ಬೇರೆ ಊರಿಗೂ ಕ್ರಮ ಇದೇ. ಸ್ಪೇನಿನ ಸೆವಿಲ್ಲಾದಲ್ಲಿ ಫ್ಲಮೆಂಕೊ ಕೇಳುವವರು ಸೊಲೆಯಾ, ಬುಲೆರಿಯಾ ಎಂಬ ಪಾಲೋಗಳ, ಅಂದರೆ ಅಲ್ಲಿಯ ಧಾಟಿಗಳ, ಹೆಸರನ್ನೂ, ಇಸ್ತಾನ್‌ಬುಲ್‌ಗೆ ಹೋಗುವವರು ರಾಸ್ತ್, ಹಿಜಾಜ್ ಎಂಬ ಮಕಾಮ್‌ಗಳ ಹೆಸರನ್ನೂ ಮೊದಲು ಕಲಿತರೆ, ಅಲ್ಲಿಯ ವಾದಕರಿಗೆ ಕೇಳಬೇಕಾದ ಪ್ರಶ್ನೆ ತಾನಾಗಿ ಸಿಗುತ್ತದೆ.

ಮನೆಗೆ ಬಂದ ಮೇಲೆ

ರೆಕಾರ್ಡುಗಳನ್ನು ಎರಡು ರಟ್ಟಿನ ನಡುವೆ ಇಟ್ಟು ಕೈಚೀಲದಲ್ಲಿಯೇ ತನ್ನಿರಿ. 30 ಸೆಂಟಿಮೀಟರಿನ ತಟ್ಟೆ ಸೂಟ್‌ಕೇಸಿನ ಒತ್ತಡಕ್ಕೂ ಬಿಸಿಲಿಗೂ ಬಾಗುತ್ತದೆ. ಬಂದ ವಾರದೊಳಗೆ ಪುಸ್ತಕದಲ್ಲಿ ಬರೆಸಿಕೊಂಡ ಹೆಸರುಗಳನ್ನು ಒಂದೊಂದಾಗಿ ಹುಡುಕಿ ಪ್ಲೇಲಿಸ್ಟ್ ಮಾಡಿಕೊಳ್ಳಿ, ತಡಮಾಡಿದರೆ ಯಾವ ಹೆಸರು ಯಾವ ರಾತ್ರಿಯದು ಎಂಬುದು ಮರೆತುಹೋಗುತ್ತದೆ. ಪಟ್ಟಿಯನ್ನು ಗಾಯಕರ ಹೆಸರಿನಲ್ಲಿ ಜೋಡಿಸದೆ ಅಚ್ಚಿನ ಹೆಸರಿನಲ್ಲಿ ಜೋಡಿಸಿ. ಫಾದು ರೆಕಾರ್ಡುಗಳಲ್ಲಿ ಹಾಡಿನ ಹೆಸರಿನ ಮುಂದೆ ಕಂಸದೊಳಗೆ ಅಚ್ಚಿನ ಹೆಸರನ್ನೂ ಮುದ್ರಿಸುವ ರೂಢಿ ಇರುವುದರಿಂದ ಈ ಕೆಲಸ ಅಷ್ಟೇನೂ ಕಷ್ಟವಲ್ಲ. ನಾನು ಕಳ್ಳಿಯ ಸಂತೆಯಲ್ಲಿ ತಂದ ತಟ್ಟೆಯ ಎರಡನೆಯ ಬದಿಯ ಮೂರನೆಯ ಹಾಡಿನ ಮುಂದೆ ಸಣ್ಣ ಅಕ್ಷರದಲ್ಲಿ ‘ಫಾದು ಮೆನೊರ್’ ಎಂದಿದೆ. ಪದ್ಯ ಬೇರೆ, ಕಂಠ ಗಂಡಸಿನದು. ಆದರೂ ಎರಡನೆಯ ಚರಣ ಬಂದಾಗ ನಾನು ಪ್ರತಿ ಸಲವೂ ಆ ಕಪ್ಪು ಶಾಲಿನ ಹೆಂಗಸಿನ ಬಾಗಿಗಾಗಿ ಕಾಯುತ್ತೇನೆ, ಈತ ಅದನ್ನು ನೆಟ್ಟಗೆ ಹಾಡಿ ಮುಂದೆ ಹೋಗುತ್ತಾನೆ.